ಕರೆಂಟು ಹೋಗದ ಊರಿನಲ್ಲಿ ರಜೆ



ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಯಲ್ಲಿ. ಬೆಳಿಗ್ಗೆ ಐದೂವರೆಗೆ ನಮ್ಮ ಬೀದಿಯ ಮೊದಲ ಮಗ್ಗ ಶುರುವಾಯಿತೆಂದರೆ ರಾತ್ರಿ ಒಂಬತ್ತರವರೆಗೆ ಆ ಲಟಪಟ ನಿಲ್ಲುತ್ತಿರಲಿಲ್ಲ. ಮನೆಯೊಳಗೆ ಒಬ್ಬರನ್ನೊಬ್ಬರು ಕರೆಯಬೇಕಾದರೂ ಗಂಟಲು ಏರಿಸಬೇಕು. ಆ ಸದ್ದು ಇದ್ದಕ್ಕಿದ್ದಂತೆ ನಿಂತರೆ ಕರೆಂಟು ಹೋಯಿತು ಎಂದು ಅರ್ಥ. ಅಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಜಗಲಿಗೆ ಬರುತ್ತಿದ್ದರು. ಅಮ್ಮ ಕಂಡಿಕೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲರೂ ಹೊರಗೆ. ಯಾರಾದರೂ ಒಂದು ಮೊರ ಕಡಲೆಕಾಯಿ ತಂದಿಡುವರು. ನಮ್ಮ ಮನೆಯಲ್ಲಿ ರಜೆ ಅಂತ ಇದ್ದದ್ದು ಅದೇ. ಕರೆಂಟು ಬಂದ ಕೂಡಲೇ ರಜೆ ಮುಗಿಯಿತು.

ಇನ್ನು ಪ್ರವಾಸ. ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ತೇರು ಮತ್ತು ದನಗಳ ಜಾತ್ರೆ. ಯಾವಾಗಲೋ ಒಂದು ವರ್ಷ ಸಂಕ್ರಾಂತಿಗೆ ನೆಲಮಂಗಲದ ಕಡೆಯ ಶಿವಗಂಗೆ. ಹರಕೆ ಇದ್ದರೆ ತಿರುಪತಿ. ಹರಕೆಯಿಲ್ಲದೆ, ನೆಂಟರ ಮದುವೆಯಿಲ್ಲದೆ, ಸುಮ್ಮನೆ ನೋಡಿಕೊಂಡು ಬರೋಣ ಅಂತ ನಾವು ಒಂದು ಊರಿಗೆ ಹೋದದ್ದು ನನಗೆ ನೆನಪಿಲ್ಲ. ಊರಿನಿಂದ ಹತ್ತೇ ಕಿಲೋಮೀಟರಿನಲ್ಲಿ ಮಾಕಳಿದುರ್ಗವಿದೆ. ಅದನ್ನು ನಾನು ನೋಡುತ್ತಿದ್ದುದು ಗೌರಿಬಿದನೂರಿನ ರೈಲಿನ ಕಿಟಕಿಯಿಂದ ಮಾತ್ರ.

ಇಂಥ ಮನೆಯಿಂದ ಹೋದವಳು 2015ರಿಂದ 2019ರವರೆಗೆ ದಕ್ಷಿಣ ಕೊರಿಯಾದ ದೇಗು ನಗರದಲ್ಲಿದ್ದೆ. ಜವಳಿ ಎಂಜಿನಿಯರಿಂಗ್ ಓದಿದ್ದೆ. ಮಗ್ಗದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದೇಗು ಆ ದೇಶದ ಜವಳಿ ಪಟ್ಟಣ. ಅಲ್ಲಿನ ಸೊಮುನ್ ಮಾರುಕಟ್ಟೆ ಜೋಸನ್ ರಾಜರ ಕಾಲದಲ್ಲಿ ದೇಶದ ಮೂರು ದೊಡ್ಡ ಸಂತೆಗಳಲ್ಲಿ ಒಂದಾಗಿತ್ತು, ಇವತ್ತಿಗೂ ಥಾನುಗಟ್ಟಲೆ ಬಟ್ಟೆಗೆ ಜನ ಅಲ್ಲಿಗೇ ಹೋಗುತ್ತಾರೆ. ಆ ನಾಲ್ಕು ವರ್ಷ ಬಿಡುವಿನ ದಿನಗಳಲ್ಲಿ ನಾನು ತಿರುಗಿದ ಜಾಗಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲ ತಿಂಗಳು ಭಾನುವಾರ ಬಂದರೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಕರೆಂಟು ಹೋಗದ ಊರು ಅದು. ಕೋಣೆಯಲ್ಲಿ ಕೂತು ಊರಿಗೆ ಫೋನ್ ಮಾಡುತ್ತಿದ್ದೆ. ನನ್ನನ್ನು ಹೊರಗೆ ಎಳೆದದ್ದು ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ, ಅರವತ್ತರ ಹತ್ತಿರದ ಒಬ್ಬ ಹೆಂಗಸು. ಅವರನ್ನು ಎಲ್ಲರೂ ಇಮೊ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಇಮೊ ಎಂದರೆ ಅಮ್ಮನ ಅಕ್ಕ ಅಥವಾ ತಂಗಿ. ಹದಿನಾರನೇ ವಯಸ್ಸಿಗೆ ಗಿರಣಿಗೆ ಸೇರಿದವರು. ಒಂದು ಶನಿವಾರ ಅವರು ನನ್ನ ಚಪ್ಪಲಿ ನೋಡಿ, ನಾಳೆ ಬೂಟು ಹಾಕಿಕೊಂಡು ಬಾ, ಬೆಟ್ಟಕ್ಕೆ ಹೋಗೋಣ ಎಂದರು. ಯಾವ ದೇವರು ಎಂದು ಕೇಳಿದೆ. ನನಗೆ ಬೆಟ್ಟ ಅಂದರೆ ದೇವರೇ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ರೋ ರೈಲಿನಲ್ಲಿ ಅರ್ಧಕ್ಕರ್ಧ ಜನ ಬೆಟ್ಟಕ್ಕೆ ಹೊರಟವರು. ಅರವತ್ತು, ಎಪ್ಪತ್ತು ದಾಟಿದವರು. ಬಣ್ಣಬಣ್ಣದ ಜಾಕೆಟ್ಟು, ಬೆನ್ನಿಗೆ ಚೀಲ, ಕೈಯಲ್ಲಿ ಊರುಗೋಲು. ನಾವು ಹೋದದ್ದು ನಗರದ ಅಂಚಿನಲ್ಲೇ ಇರುವ ಪಲ್ಗೊಂಗ್‌ಸಾನ್‌ಗೆ. ಸಾನ್ ಎಂದರೆ ಬೆಟ್ಟ. ಎತ್ತರ 1,193 ಮೀಟರ್. ಪೇಟೆಯ ಸಿಟಿ ಬಸ್ಸು ಬೆಟ್ಟದ ಬುಡದವರೆಗೆ ಹೋಗುತ್ತದೆ. ದಾರಿಯಲ್ಲಿ ಕವಲು ಬಂದ ಕಡೆಯೆಲ್ಲ ಕಂಬ, ಕಂಬದ ಮೇಲೆ ನಂಬರು. ಕಾಲು ಉಳುಕಿದರೆ ಆ ನಂಬರು ಹೇಳಿದರೆ ಸಾಕು, ರಕ್ಷಣೆಯವರು ಅದೇ ಜಾಗಕ್ಕೆ ಬರುತ್ತಾರೆ. ಬುಗ್ಗೆಯ ನೀರು ಬೀಳುವಲ್ಲಿ ಕುಡಿಯಲು ಹಿಡಿ ಸೌಟುಗಳನ್ನು ತೂಗುಹಾಕಿದ್ದಾರೆ. ನಡುವೆ ಕೂತು ದಣಿವಾರಿಸಿಕೊಳ್ಳುವಾಗ ಗುರುತು ಪರಿಚಯವಿಲ್ಲದ ಒಬ್ಬ ಅಜ್ಜ ಸೌತೆಕಾಯಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟರು. ಆಮೇಲೆ ನಾನು ನೋಡಿದೆ, ಅಲ್ಲಿ ಎಲ್ಲರ ಚೀಲದಲ್ಲೂ ಸೌತೆಕಾಯಿ ಇರುತ್ತದೆ, ಎಲ್ಲರೂ ಹಂಚುತ್ತಾರೆ. ಇಳಿದು ಬಂದ ಮೇಲೆ ಬೂಟಿನ ಧೂಳು ಊದಿ ತೆಗೆಯಲು ಗಾಳಿಯ ಕೊಳವೆ. ತಿಂದ ಹಣ್ಣಿನ ಸಿಪ್ಪೆಯನ್ನು ಇಮೊ ಕವರಿನಲ್ಲಿ ಕಟ್ಟಿ ಮನೆಗೇ ತೆಗೆದುಕೊಂಡು ಹೋದರು.

ಆವತ್ತು ಬುಡದ ಅಂಗಡಿಗಳ ಸಾಲಿನಲ್ಲಿ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ನಿಂತುಬಿಟ್ಟೆ. ಅದು ವಿಜಯಪುರದ ವಾಸನೆ. ನನ್ನ ಅಮ್ಮನ ತವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರದ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಹುಳುಮನೆ, ಚಂದ್ರಿಕೆ, ಗೂಡಿನ ಮಾರುಕಟ್ಟೆ, ಎಲ್ಲವೂ ಇರುವ ಸೀಮೆ. ರೇಷ್ಮೆ ಬಿಚ್ಚುವ ಮನೆಗಳ ಮುಂದೆ ಹಾದು ಹೋದವರಿಗೆ ಬೆಂದ ಹುಳುವಿನ ಆ ವಾಸನೆ ಗೊತ್ತು. ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಅಜ್ಜಿ ಮನೆ. ಇಲ್ಲಿ, ಎಲ್ಲಿಯದೋ ಬೆಟ್ಟದ ಬುಡದಲ್ಲಿ, ಒಬ್ಬ ಹೆಂಗಸು ದೊಡ್ಡ ಪಾತ್ರೆಯಲ್ಲಿ ಅದನ್ನೇ ಬೇಯಿಸಿ ಕಾಗದದ ಲೋಟಗಳಿಗೆ ತುಂಬಿ ಮಾರುತ್ತಿದ್ದಳು. ಮಕ್ಕಳು ಕಡ್ಡಿಯಿಂದ ಚುಚ್ಚಿ ತಿನ್ನುತ್ತಿದ್ದರು. ಅದರ ಹೆಸರು ಬೊಂದೇಗಿ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳು. ನಮ್ಮಲ್ಲಿ ಅದು ಕೋಳಿ, ಮೀನುಗಳ ಆಹಾರಕ್ಕೆ ಹೋಗುತ್ತದೆ. ಅಲ್ಲಿ ರೇಷ್ಮೆ ಉದ್ಯಮ ಜೋರಾಗಿದ್ದ ಬಡತನದ ದಿನಗಳಲ್ಲಿ ಅದು ಜನರ ಹೊಟ್ಟೆ ತುಂಬಿಸಿತು. ಗಿರಣಿಯ ದಿನಗಳಲ್ಲಿ ನಮಗೆ ಮಾಂಸ ಎಂದರೆ ಇದೇ ಆಗಿತ್ತು ಎಂದರು ಇಮೊ. ನಾನು ತಿನ್ನಲಿಲ್ಲ. ಆದರೆ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಅಲ್ಲಿಂದಾಚೆಗೆ ನನ್ನ ತಿರುಗಾಟಕ್ಕೆ ಒಂದು ದಾರಿ ಸಿಕ್ಕಿತು. ರೇಷ್ಮೆಯ ಗುರುತು ಎಲ್ಲೆಲ್ಲಿದೆಯೋ ಅಲ್ಲಿಗೆಲ್ಲ ಹೋಗತೊಡಗಿದೆ. ಸೋಲ್ ನಗರದಲ್ಲಿ ಜಾಮ್‌ಸಿಲ್ ಎಂಬ ಬಡಾವಣೆ. 1988ರ ಒಲಿಂಪಿಕ್ ಕ್ರೀಡಾಂಗಣ ಇರುವುದು ಅಲ್ಲೇ. 123 ಅಂತಸ್ತಿನ, 555 ಮೀಟರ್ ಎತ್ತರದ ಗೋಪುರವೂ ಅಲ್ಲೇ, ನಾನಿದ್ದಾಗಲೇ 2017ರಲ್ಲಿ ಅದು ತೆರೆಯಿತು. ಜಾಮ್‌ಸಿಲ್ ಎಂಬ ಮಾತಿಗೆ ಅರ್ಥ ಏನು ಗೊತ್ತೆ? ಹುಳುಮನೆ. ರಾಜರ ಕಾಲದಲ್ಲಿ ಅಲ್ಲಿ ಸರ್ಕಾರದ ರೇಷ್ಮೆ ಸಾಕಣೆ ನಡೆಯುತ್ತಿತ್ತು. ಅದೇ ನಗರದ ಚಾಂಗ್‌ದೊಕ್ ಅರಮನೆಯ ಅಂಗಳದಲ್ಲಿ ಸುಮಾರು 400 ವರ್ಷದ ಹಿಪ್ಪುನೇರಳೆ ಮರವಿದೆ, ಅದನ್ನು ನೈಸರ್ಗಿಕ ಸ್ಮಾರಕವೆಂದು ಕಾಪಾಡುತ್ತಾರೆ. ರಾಣಿಯರು ತಾವೇ ಸೊಪ್ಪು ಕೊಯ್ದು ಹುಳುವಿಗೆ ಹಾಕುವ ಒಂದು ಆಚರಣೆ ಅರಮನೆಯಲ್ಲಿತ್ತು. ಮೈಸೂರು ಸೀಮೆಗೆ ರೇಷ್ಮೆ ತರಿಸಿದ ಟಿಪ್ಪು ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಅವನು ಹುಟ್ಟಿದ ಜಾಗದಲ್ಲೊಂದು ಮಂಟಪವಿದೆ. ಅದರ ಪಕ್ಕ ಒಂದು ಹಿಪ್ಪುನೇರಳೆ ಗಿಡವನ್ನಾದರೂ ನೆಟ್ಟು ಮರ ಮಾಡಬಾರದೆ ಎಂದು ಆವತ್ತಿನಿಂದ ನನ್ನ ಮನಸ್ಸಿನಲ್ಲಿದೆ.

ಬೆಟ್ಟದ ಮಾತಿಗೆ ಮರಳುತ್ತೇನೆ. ಪಲ್ಗೊಂಗ್‌ಸಾನ್‌ನ ಕಾಡು ನೋಡಿ ನಾನು, ಇವರು ಪುಣ್ಯವಂತರು, ಹಳೆಯ ಕಾಡನ್ನು ಉಳಿಸಿಕೊಂಡಿದ್ದಾರೆ ಎಂದುಕೊಂಡಿದ್ದೆ. ಇಮೊ ತಲೆ ಅಲ್ಲಾಡಿಸಿದರು. ಅವರು ಚಿಕ್ಕವರಿದ್ದಾಗ ಊರ ಸುತ್ತಲಿನ ಗುಡ್ಡಗಳೆಲ್ಲ ಬೋಳು, ಕೆಂಪು ಮಣ್ಣು ಮಾತ್ರ. ಜಪಾನಿನವರ ಆಳ್ವಿಕೆಯಲ್ಲಿ ಮರ ಹೋಯಿತು, 1950ರಿಂದ 1953ರವರೆಗಿನ ಯುದ್ಧದಲ್ಲಿ ಉಳಿದದ್ದೂ ಹೋಯಿತು. ಚಳಿಗಾಲದಲ್ಲಿ ಮನೆಯ ನೆಲವನ್ನು ಕೆಳಗಿನಿಂದ ಬಿಸಿ ಮಾಡುವ ಪದ್ಧತಿ ಅವರದು. ಅದಕ್ಕೆ ಸೌದೆ ಬೇಕು, ಬೇರು ಸಹ ಬಿಡದೆ ಜನ ಕಿತ್ತು ತಂದರು. ಏಪ್ರಿಲ್ 5 ಗಿಡ ನೆಡುವ ದಿನ. ಶಾಲೆಯ ಮಕ್ಕಳೆಲ್ಲ ಗುಡ್ಡಕ್ಕೆ ಹೋಗಬೇಕು. ಎಳೆಯ ಪೈನ್ ಗಿಡಗಳಿಗೆ ಕಂಬಳಿಹುಳು ಹತ್ತಿದರೆ ಮಕ್ಕಳೇ ಇಕ್ಕಳದಿಂದ ಆರಿಸಿ ಡಬ್ಬಿಗೆ ಹಾಕಬೇಕು. ನನ್ನ ಅಮ್ಮ ಹುಳುವಿಗೆ ಸೊಪ್ಪು ಹಾಕುತ್ತಿದ್ದ ವಯಸ್ಸಿನಲ್ಲಿ ಇಮೊ ಸೊಪ್ಪಿನಿಂದ ಹುಳು ಆರಿಸುತ್ತಿದ್ದರು. 1973ರಲ್ಲಿ ಸರ್ಕಾರ ಹತ್ತು ವರ್ಷದ ಕಾಡು ಬೆಳೆಸುವ ಯೋಜನೆ ಹಾಕಿ, ಗುರಿಯನ್ನು ಆರೇ ವರ್ಷದಲ್ಲಿ ಮುಟ್ಟಿತು. ಜೊತೆಗೆ ಸೌದೆಯ ಬದಲು ತೂತು ತೂತಿನ ಕಲ್ಲಿದ್ದಲ ಬಿಲ್ಲೆ ಮನೆಮನೆಗೆ ಬಂತು. ಅದು ಬರದಿದ್ದರೆ ನೆಟ್ಟ ಗಿಡವೂ ಒಲೆಗೇ ಹೋಗುತ್ತಿತ್ತು. ಆಗ ಅಲ್ಲಿದ್ದದ್ದು ಸೇನೆಯಿಂದ ಬಂದವರ ಬಿಗಿ ಆಳ್ವಿಕೆ, ಗುಡ್ಡದಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದ ಬಡವರನ್ನು ಎಬ್ಬಿಸಿಯೇ ಆ ಕೆಲಸ ನಡೆಯಿತು ಎಂಬುದನ್ನೂ ಹೇಳಬೇಕು. ಅದನ್ನು ನಾನು ಹೊಗಳಲಾರೆ. ಆದರೆ ತಾವು ನೆಟ್ಟ ಬೆಟ್ಟದ ನೆರಳಲ್ಲಿ ಭಾನುವಾರ ನಡೆಯುವ ಮುದುಕರನ್ನು ನೋಡಿದರೆ, ಸಿಪ್ಪೆಯನ್ನು ಯಾಕೆ ಮನೆಗೆ ಕಟ್ಟಿಕೊಂಡು ಹೋಗುತ್ತಾರೆಂದು ಕೇಳಬೇಕಾಗಿಲ್ಲ.

ಸಂಜೆಯ ಹೊತ್ತು ನನ್ನ ಜಾಗ ಸಿನ್‌ಚೊನ್ ಹೊಳೆಯ ದಂಡೆ. ಅದು ದೇಗು ನಗರದ ನಡುವೆ ಹರಿಯುತ್ತದೆ. ದಂಡೆಯಲ್ಲಿ ನಡೆಯುವವರಿಗೆ ಒಂದು ದಾರಿ, ಸೈಕಲ್ಲಿಗೆ ಒಂದು ದಾರಿ. ಆ ಹೊಳೆಯಲ್ಲಿ ನೀರುನಾಯಿಗಳಿವೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಊರಿನ ನಟ್ಟನಡುವೆ! ನಾಲ್ಕು ವರ್ಷದಲ್ಲಿ ಒಮ್ಮೆ ಮಾತ್ರ ಕಂಡೆ. ಸೇತುವೆಯ ಕೆಳಗೆ ಕಲ್ಲಿನ ಮೇಲೆ ಹತ್ತಿ, ಮೈ ಕೊಡವಿ, ಬಾಯಲ್ಲಿ ಮೀನು ಹಿಡಿದು ಮತ್ತೆ ನೀರಿಗೆ ಜಾರಿತು. ಇಂಥ ಊರಿನ ನಲ್ಲಿ ನೀರಿಗೆ 1991ರ ಮಾರ್ಚಿನಲ್ಲಿ ವಿಷ ಸೇರಿತ್ತು. ಮೇಲ್ಗಡೆಯ ಒಂದು ಕಾರ್ಖಾನೆಯ ಫೀನಾಲ್ ನಾಕ್‌ದೊಂಗ್ ನದಿಗೆ ಹರಿದು, ದೇಗುವಿನ ಮನೆಮನೆಯ ನೀರು ಕೆಟ್ಟ ವಾಸನೆ ಹೊಡೆಯಿತು. ಜನ ಬೀದಿಗಿಳಿದರು, ಮಂತ್ರಿ ಹುದ್ದೆ ಹೋಯಿತು, ನೀರಿನ ಕಾನೂನು ಬಿಗಿಯಾಯಿತು. ನನಗೆ ದಂಡೆಯ ಮೇಲೆ ನಡೆಯುವಾಗಲೆಲ್ಲ ಅರ್ಕಾವತಿ ನೆನಪಾಗುತ್ತಿತ್ತು. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ಊರಿನ ಕೆರೆಗೆ ಬರುವ ನದಿ, ಮುಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ಜಲಾಶಯಗಳಿಗೆ ನೀರು ಕೊಟ್ಟು ಬೆಂಗಳೂರನ್ನು ಸಾಕಿದ ನದಿ. ಇವತ್ತು ದೊಡ್ಡತುಮಕೂರು, ಚಿಕ್ಕತುಮಕೂರಿನ ಜನ ತಮ್ಮ ಕೆರೆಯ ನೀರು ಕೆಡಬಾರದು ಎಂದು ಧರಣಿ ಕೂರಬೇಕಾಗಿದೆ. ಅವರು ಕೇಳುತ್ತಿರುವುದು ಕುಡಿಯುವ ನೀರು. ಆದರೆ ಅದರ ಹಿಂದೆಯೇ ಇನ್ನೊಂದು ಇದೆ: ಸಂಜೆ ಮಕ್ಕಳ ಕೈ ಹಿಡಿದು ಹೋಗಿ ಕೂರುವ ಒಂದು ಏರಿ. ಅದನ್ನೂ ಕೇಳುವ ಹಕ್ಕು ಅವರಿಗಿದೆ.

ದೇಗುವಿನ ಆ ಹೊಳೆಯಿಂದ ಆಚೆ ಸುಸೊಂಗ್ ಭಾಗದಲ್ಲಿ ಒಂದು ಸಣ್ಣ ದಿಬ್ಬದ ಮೇಲೆ ಭಾರತೀಯರೊಬ್ಬರ ಸ್ಮಾರಕವಿದೆ. ಕರ್ನಲ್ ಉಣ್ಣಿ ನಾಯರ್. ಕೇರಳದವರು, ವಿಶ್ವಸಂಸ್ಥೆಯ ಕೊರಿಯಾ ಆಯೋಗದಲ್ಲಿ ಭಾರತದ ಪ್ರತಿನಿಧಿ. 1950ರ ಆಗಸ್ಟ್ 12ರಂದು ದೇಗುವಿನ ಹತ್ತಿರ ನೆಲಬಾಂಬು ಸಿಡಿದು ತೀರಿಕೊಂಡರು. ಆರು ದಶಕಗಳ ನಂತರ ಅವರ ಪತ್ನಿಯ ಚಿತಾಭಸ್ಮವನ್ನೂ ತಂದು ಅಲ್ಲಿಯೇ ಇಟ್ಟಿದ್ದಾರೆ. ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಅವರವರ ಊರಿಗೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಆಗಸ್ಟಿನಲ್ಲಿ ಒಂದು ಸಂಜೆ ನಾನು ಆ ದಿಬ್ಬಕ್ಕೆ ಹೋಗಿ ಹೂವಿಟ್ಟು ಬಂದೆ.

ಇಷ್ಟು ಕೇಳಿದವರು, ಕೊರಿಯಾದ ಜನ ಬಿಡುವಾಗಿ ಬದುಕುತ್ತಾರೆ ಎಂದುಕೊಳ್ಳಬಾರದು. ಅವರಷ್ಟು ದುಡಿಯುವವರನ್ನು ನಾನು ನೇಕಾರರಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ರಾತ್ರಿ ಹತ್ತರ ರೈಲಿನಲ್ಲಿ ನಿಂತೇ ನಿದ್ದೆ ಮಾಡುತ್ತಾರೆ. ವಾರಕ್ಕೆ 68 ಗಂಟೆಯವರೆಗೆ ಇದ್ದ ದುಡಿಮೆಯ ಮಿತಿಯನ್ನು 2018ರ ಜುಲೈಯಿಂದ ಮೊದಲು ದೊಡ್ಡ ಕಂಪನಿಗಳಲ್ಲಿ 52ಕ್ಕೆ ಇಳಿಸಿದರು. ನಮ್ಮ ಕಾರ್ಖಾನೆ ಸಣ್ಣದು, ಆ ಲೆಕ್ಕಕ್ಕೆ ಆಗ ಸೇರಲಿಲ್ಲ, ಆದರೂ ಊಟದ ಹೊತ್ತಿನಲ್ಲಿ ಎಲ್ಲರದೂ ಅದೇ ಮಾತು. ನಾನು ಕೇಳುತ್ತ ಕೂತಿದ್ದಾಗ ಅಪ್ಪನ ಲೆಕ್ಕ ಹಾಕಿದೆ. ದಿನಕ್ಕೆ ಹದಿನಾಲ್ಕು ಗಂಟೆಯಂತೆ ವಾರಕ್ಕೆ ತೊಂಬತ್ತೆಂಟು. ಸೀರೆಗೆ ಇಷ್ಟು ಎಂದು ಕೂಲಿ ಎಣಿಸುವ ಮನೆಯಲ್ಲಿ ಗಂಟೆಯನ್ನು ಯಾರೂ ಎಣಿಸುವುದಿಲ್ಲ. ನೇಕಾರನಿಗೆ ಬೆಟ್ಟ ನೋಡುವ ಆಸೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದು ಭಾನುವಾರ ಮಗ್ಗ ನಿಲ್ಲಿಸಿದರೆ ಸೋಮವಾರದ ಅಕ್ಕಿಗೆ ಕೈ ಹಾಕಬೇಕಾಗುತ್ತದೆ.

ಅದಕ್ಕೇ 2018ರ ಅಕ್ಟೋಬರಿನಲ್ಲಿ ಅಮ್ಮನನ್ನು ಇಪ್ಪತ್ತು ದಿನಕ್ಕೆ ಕರೆಸಿಕೊಂಡೆ. ಅಪ್ಪ ಬರಲಿಲ್ಲ, ಮಗ್ಗ ಬಿಟ್ಟು ಬರಲಾರೆ ಎಂದರು. ದೇವನಹಳ್ಳಿಯ ವಿಮಾನ ನಿಲ್ದಾಣ ಅವಳ ತವರಿಗೆ ಕೂಗಳತೆ; ಹುಡುಗಿಯಾಗಿದ್ದಾಗ ಗೂಡಿನ ಮೂಟೆ ಇಟ್ಟುಕೊಂಡು ಬಸ್ಸಿಗೆ ಕಾದ ಸೀಮೆಯಿಂದ ಅವಳು ಮೊದಲ ಸಲ ವಿಮಾನ ಹತ್ತಿದಳು.

ಸೊಮುನ್ ಮಾರುಕಟ್ಟೆಯಲ್ಲಿ ಜೇಜು ದ್ವೀಪದ ದಪ್ಪ ಕಿತ್ತಳೆ ನೋಡಿ, "ಇದು ನಮ್ಮ ಚಕ್ಕೋತದ ಮರಿ ಕಣೇ" ಎಂದಳು. ಬಟ್ಟೆಯ ಅಂಗಡಿಗಳಲ್ಲಿ ಮಾತೇ ಇಲ್ಲದೆ ಅಂಚು ಹಿಡಿದು ಹಾಸು ಹೊಕ್ಕು ನೋಡುತ್ತಿದ್ದಳು. ಅಂಗಡಿಯವರಿಗೆ ಇವಳು ಕಸುಬಿನವಳೆಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪಲ್ಗೊಂಗ್‌ಸಾನ್‌ನಲ್ಲಿ ಗಟ್‌ಬಾವಿ ಎಂಬ ಜಾಗವಿದೆ, ಹೋಗೋಣ ಎಂದೆ. "ಬೆಟ್ಟದ ಮೇಲೆ ಬಾವಿಯಾ?" ಎಂದಳು. ಅವರ ಮಾತಿನಲ್ಲಿ ಬಾವಿ ಎಂದರೆ ಬಂಡೆ. ಸುಮಾರು 850 ಮೀಟರ್ ಎತ್ತರದ ಶಿಖರದಲ್ಲಿ, ಸಿಲ್ಲಾ ರಾಜರ ಕಾಲದ, ಬಯಲಿನಲ್ಲಿ ಕೂತ ಕಲ್ಲಿನ ಬುದ್ಧ. ತಲೆಯ ಮೇಲೆ ಟೊಪ್ಪಿಯ ಹಾಗೆ ಒಂದು ಚಪ್ಪಟೆ ಕಲ್ಲು. ಮನಸ್ಸಿಟ್ಟು ಕೇಳಿದರೆ ಒಂದು ಕೋರಿಕೆಯನ್ನು ನಡೆಸಿಕೊಡುತ್ತಾನೆ ಎಂದು ನಂಬಿಕೆ. ನವೆಂಬರಿನಲ್ಲಿ ಕಾಲೇಜು ಪ್ರವೇಶದ ಪರೀಕ್ಷೆ, ಅದಕ್ಕೆ ಮೊದಲು ಸಾವಿರಾರು ತಾಯಂದಿರು ಅಲ್ಲಿಗೆ ಹತ್ತುತ್ತಾರೆ. ಅಮ್ಮ ಮೊಣಕಾಲಿನ ಮೇಲೆ ಕೈಯೂರಿ ಹತ್ತಿದಳು. ಮೇಲೆ ತಲುಪುವಷ್ಟರಲ್ಲಿ ಒಂದು ಮಗು ಹಿಂದಿನಿಂದ "ಅಪ್ಪಾ" ಎಂದು ಕೂಗಿತು, ಅಮ್ಮ ತಟಕ್ಕನೆ ತಿರುಗಿ ನೋಡಿದಳು. ಕೊರಿಯಾದಲ್ಲೂ ಅಪ್ಪನಿಗೆ ಅಪ್ಪ ಅಂತಲೇ ಹೇಳುತ್ತಾರೆ. ಬುದ್ಧನ ಮುಂದೆ ಹೆಂಗಸರು ಎದ್ದು ಬಿದ್ದು ನೂರೆಂಟು ನಮಸ್ಕಾರ ಹಾಕುತ್ತಿದ್ದರು. ಯಾಕೆಂದು ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಸಾಲಿನಲ್ಲೇ ನಿಂತು ಮೂರು ನಮಸ್ಕಾರ ಮಾಡಿದಳು. ಏನು ಕೇಳಿಕೊಂಡೆ ಎಂದರೆ, ಅವರ ಮಕ್ಕಳಿಗೆ ಅಂತ ಕೇಳಿದೆ, ನೀನು ಓದಿ ಆಯ್ತಲ್ಲ ಎಂದಳು.

ಇಳಿದು ಬಂದು ಊಟಕ್ಕೆ ಕೂತಾಗ, ಜೊತೆಗೆ ಬಂದಿದ್ದ ಇಮೊ ಒಂದು ತಟ್ಟೆ ತರಿಸಿದರು. ಓಕ್ ಮರದ ಬೀಜವನ್ನು ನೆನೆಸಿ ರುಬ್ಬಿ ಒಗರು ತೆಗೆದು ಕಾಯಿಸಿ ಹೆಪ್ಪುಗಟ್ಟಿಸಿದ ಕಂದು ಬಣ್ಣದ ಹೋಳುಗಳು. ಹಿಂದೆ ಬರಗಾಲದಲ್ಲಿ ತಿನ್ನುತ್ತಿದ್ದದ್ದು, ಈಗ ಬೆಟ್ಟ ಹತ್ತಿದವರು ಹುಡುಕಿಕೊಂಡು ಹೋಗಿ ತಿನ್ನುತ್ತಾರೆ. ಅಮ್ಮ ಬಾಯಿಗೆ ಹಾಕಿಕೊಂಡು, ನಮ್ಮ ರಾಗಿಯ ಹಾಗೇ ಇದರ ಕಥೆಯೂ ಎಂದಳು. ನಾನು ಅದನ್ನು ಇಮೊಗೆ ತಿಳಿಸಿ ಹೇಳುವಷ್ಟರಲ್ಲಿ ಊಟ ತಣ್ಣಗಾಯಿತು.

ಕೊನೆಯ ವಾರ ಇಮೊ ನಮ್ಮನ್ನು ತಮ್ಮ ತವರಿಗೆ ಕರೆದುಕೊಂಡು ಹೋದರು. ಸಾಂಗ್ಜು ಪಟ್ಟಣಕ್ಕೆ ಸೇರಿದ ಹಾಮ್‌ಚಾಂಗ್. ಸಾಂಗ್ಜುವನ್ನು ಮೂರು ಬಿಳುಪಿನ ಊರು ಎನ್ನುತ್ತಾರೆ: ಅಕ್ಕಿ, ರೇಷ್ಮೆ ಗೂಡು, ಮತ್ತು ಒಣಗಿಸಿದಾಗ ಮೇಲೆ ಸಕ್ಕರೆ ಬಿಡುವ ಪರ್ಸಿಮನ್ ಹಣ್ಣು. ಹಾಮ್‌ಚಾಂಗ್‌ನಲ್ಲಿ ಇನ್ನೂ ಕೆಲವು ಮನೆಗಳು ರೇಷ್ಮೆ ನೇಯುತ್ತವೆ. ಸೂರಿನ ಕೆಳಗೆ ಸಾಲಾಗಿ ಸಿಪ್ಪೆ ಸುಲಿದ ಹಣ್ಣು ನೇತುಹಾಕಿದ್ದರು. ಒಳಗೆ ಇಮೊ ಅವರ ಚಿಕ್ಕಮ್ಮ, ಎಂಬತ್ತು ದಾಟಿದ ಅಜ್ಜಿ, ಕುದಿನೀರಿನ ಪಾತ್ರೆಯ ಮುಂದೆ ಕೂತಿದ್ದರು. ಬಿಳಿಯ ಗೂಡುಗಳು ನೀರಿನಲ್ಲಿ ಕುಣಿಯುತ್ತಿದ್ದವು. ಅಮ್ಮ ಒಂದನ್ನು ಎತ್ತಿ ಬೆರಳಲ್ಲಿ ಒತ್ತಿ ನೋಡಿ, "ದ್ವಿತಳಿ" ಎಂದಳು. ನಮ್ಮ ಕಡೆಯ ಮಿಶ್ರತಳಿಯ ಗೂಡು ಹಳದಿ.

ಅಜ್ಜಿ ಕಡ್ಡಿಯಿಂದ ಗೂಡುಗಳನ್ನು ತಿರುವುತ್ತ ಎಳೆಯ ತುದಿ ಹುಡುಕುತ್ತಿದ್ದರು. ತುದಿ ಸಿಕ್ಕರೆ ಸಾವಿರ ಮೀಟರಿನಷ್ಟು ನೂಲು ಒಂದೇ ಎಳೆಯಾಗಿ ಬರುತ್ತದೆ, ಸಿಗದಿದ್ದರೆ ಸಿಕ್ಕು. ಅವರ ಕಣ್ಣು ಮಂಜಾಗಿತ್ತು, ಎರಡು ಸಲ ತಪ್ಪಿತು. ಅಮ್ಮ ಬಳೆಯನ್ನು ಮೊಣಕೈಗೆ ಏರಿಸಿಕೊಂಡು ಪಕ್ಕದಲ್ಲಿ ಕೂತಳು. ಬಿಸಿನೀರಿಗೆ ಬೆರಳಿಟ್ಟು, ಮೇಲಿನ ಒರಟು ನಾರನ್ನು ಎಳೆದು ಬಿಸಾಕಿ, ಒಂದರ ಹಿಂದೆ ಒಂದು ಏಳು ತುದಿ ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅವನ್ನು ಕೂಡಿಸಿ ರಾಟೆಗೆ ಹಾಕಿದರು. ಒಂದು ಗೂಡು ಮುಗಿದು ಎಳೆ ತೆಳುವಾದರೆ ಅಮ್ಮ ಇನ್ನೊಂದನ್ನು ಸೇರಿಸುವಳು. ಮದುವೆಯಾಗಿ ನೇಕಾರರ ಮನೆಗೆ ಬಂದ ಮೇಲೆ ಅವಳು ಗೂಡು ಮುಟ್ಟಿರಲಿಲ್ಲ. ಇಮೊ ಮತ್ತು ನಾನು ಬಾಗಿಲಲ್ಲಿ ನಿಂತಿದ್ದೆವು. ಅವರಿಬ್ಬರೂ ಒಂದು ಗಂಟೆಗೂ ಹೆಚ್ಚು ಹೊತ್ತು ಹಾಗೇ ಕೂತಿದ್ದರು. ಅಮ್ಮ ಕನ್ನಡದಲ್ಲಿ ಏನೋ ಹೇಳುವಳು, ಅಜ್ಜಿ ತಮ್ಮ ಮಾತಿನಲ್ಲಿ ಹ್ಞೂಂಗುಟ್ಟುವರು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಗದ್ದೆಗಳು, ಅದರಾಚೆ ಇಮೊ ಅಂಥವರು ನೆಟ್ಟ ಗುಡ್ಡಗಳು. ಅವಳು ಅವನ್ನು ನೋಡುತ್ತಿರಲಿಲ್ಲ. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ನನ್ನ ಮೂಗಿಗೂ ಹಿಡಿದಳು. ಬೆಂದ ಗೂಡಿನ ವಾಸನೆ.

"ರಜ ರಜ ಅಂತ ಇಷ್ಟು ದೂರ ಕರ್ಕೊಂಡು ಬಂದು ಕೊನೆಗೆ ಕೆಲಸಕ್ಕೇ ಕೂರಿಸಿದ್ಯಲ್ಲೇ" ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಊರಿಗೆ ಹೋಗೋದ್ರೊಳಗೆ ಇನ್ನೊಂದು ಸಲ ಆ ಅಜ್ಜಿ ಹತ್ರ ಹೋಗಿ ಬರೋಣ" ಎಂದಳು.